ಕಂಬಳದಲ್ಲಿ ಗೆಲ್ಲುವ ಜೋಡಿ ಊಹಿಸಲು ಒಂದು ಉಪಾಯ
ಮಂಜೇಶ್ವರ, ಪೈವಳಿಕೆ ಕಡೆಯ ಕಂಬಳಪ್ರಿಯರಿಗೆ: ಫೈನಲ್ ಯಾರಿಗೆ ಅಂತ ಊಹಿಸಲು ಹಳೇ ಮೆಡಲ್ ಲೆಕ್ಕ ಬಿಡಿ, ಅದೇ ದಿನದ ಮೊದಲ ಸುತ್ತುಗಳ ಸೆಕೆಂಡ್ ಬರೆದಿಟ್ಟುಕೊಳ್ಳಿ. ಊರಿಂದೂರಿಗೆ ಕರೆಯ (ಕೋಣ ಓಡುವ ಕೆಸರಿನ ಓಟದ ದಾರಿ) ಉದ್ದ ಬೇರೆ, ನೀರು-ಕೆಸರು ಬೇರೆ. ಕಳೆದ ವಾರದ 11 ಸೆಕೆಂಡಿಗೂ ಇವತ್ತಿನ 12ಕ್ಕೂ ಹೋಲಿಕೆಯೇ ಇಲ್ಲ. ಜೋಡುಕರೆಯಲ್ಲಿ, ಅಂದರೆ ಅಕ್ಕಪಕ್ಕ ಎರಡು ಕರೆ ಇರುವಲ್ಲಿ, ಜೋಡಿ ಯಾವುದರಲ್ಲಿ ಓಡಿತು (ಮೂಡುಬಿದಿರೆಯಾದರೆ ಕೋಟಿ ಕರೆಯೋ ಚೆನ್ನಯ ಕರೆಯೋ) ಅನ್ನೋದನ್ನೂ ಪಕ್ಕದಲ್ಲಿ ಗುರುತು ಮಾಡಿ, ಎರಡೂ ಕರೆ ಒಂದೇ ಥರ ಇರಬೇಕೆಂದಿಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ ಎಂಬ ಓಟದ ವಿಭಾಗಗಳಿಗೆ ಇದು ಸಾಕು. ಕನೆ ಹಲಗೆ ವಿಭಾಗಕ್ಕೆ ಮಾತ್ರ ಸುಮ್ನೆ ದಂಡ; ಅಲ್ಲಿ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ಚಿಮ್ಮಬೇಕು, ವೇಗ ಯಾರೂ ಕೇಳಲ್ಲ. ಫೈನಲ್ ಮರುದಿನಕ್ಕೆ ಎಳೆದರೂ ಲೆಕ್ಕ ತಪ್ಪಬಹುದು. ಕೋಣಕ್ಕೂ ದಣಿವಾಗುತ್ತದೆ ಅಲ್ವಾ?