ಲದ್ದಿ ಹುಳುವಿನ ಮದ್ದನ್ನು ರೇಡಿಯೊದಲ್ಲಿ ಹೇಳುವುದು ಹೇಗೆ

ನಮ್ಮ ಸಮುದಾಯ ರೇಡಿಯೊದ ಟ್ರಾನ್ಸ್‌ಮಿಟರ್ 50 ವ್ಯಾಟ್‌ನದು. ಹತ್ತು ಹನ್ನೆರಡು ಕಿಲೋಮೀಟರ್ ಕೇಳಿಸುತ್ತದೆ, ಅಷ್ಟೇ. ಆದರೆ ಅಷ್ಟರೊಳಗೆ ಯಾರ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಹೋಗಿ ನೋಡಬಹುದು. ಹಾಗಾಗಿ ಕೃಷಿ ಕಾರ್ಯಕ್ರಮವನ್ನು ಹೊಲದಲ್ಲೇ ಶುರು ಮಾಡಿ.

2018ರಲ್ಲಿ ಶಿವಮೊಗ್ಗದ ಕಡೆ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿತು. ದೇಶದಲ್ಲಿ ಅದೇ ಮೊದಲು. ನಮ್ಮವರು ಅದನ್ನು ಲದ್ದಿ ಹುಳು ಅಂದರು. ನೀವೂ ಅದೇ ಹೆಸರು ಹೇಳಿ. ಮೊದಲು ರೈತರ ಪ್ರಶ್ನೆ ಅವರ ದನಿಯಲ್ಲೇ ಬರಲಿ: "ಸುಳಿ ಯಾಕ ಹಿಂಗ ತೂತು ಬಿದ್ದೈತಿ?" ಅದನ್ನು ತಿದ್ದಬೇಡಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಮೈಕು ಬಾಯಿಂದ ಒಂದು ಗೇಣು ದೂರ ಇರಲಿ.

ಉತ್ತರವನ್ನು ಕೃಷಿ ವಿಜ್ಞಾನ ಕೇಂದ್ರದವರಿಂದ ಹೇಳಿಸಿ. ಅಳತೆ ಬಂದಾಗ ಮಾತ್ರ ಬಹಳ ಜೋಪಾನ. ಒಮ್ಮೆ ನಾನು ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಅನ್ನುವ, ನೀರಿನಲ್ಲಿ ಕರಗುವ ಹರಳಿನ ಕೀಟನಾಶಕ "ಲೀಟರಿಗೆ ಪಾಯಿಂಟ್ ನಾಲ್ಕು ಗ್ರಾಂ" ಅಂದೆ. ಒಬ್ಬ ಅಕ್ಕ ಫೋನ್ ಮಾಡಿ, "ನಾಲ್ಕು ಗ್ರಾಂ ಅಲ್ವಾ?" ಅಂದರು. ಹತ್ತು ಪಟ್ಟು! ಅವರು ಕೇಳದೇ ಹೊಡೆದಿದ್ದರೆ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಬೆನ್ನಿಗೆ ಹಾಕುವ ಪಂಪಿನ ಲೆಕ್ಕದಲ್ಲೇ ಹೇಳುತ್ತೇನೆ: 15 ಲೀಟರಿನ ಒಂದು ಟ್ಯಾಂಕಿಗೆ 6 ಗ್ರಾಂ. ಪಾಯಿಂಟ್ ಇರುವ ಅಂಕಿ ರೇಡಿಯೊಗೆ ಬೇಡವೇ ಬೇಡ. ಅಳತೆಯನ್ನು ಮೂರು ಸಲ ಹೇಳಿ. ಮೂರನೆಯ ಸಲ ನಿಧಾನವಾಗಿ, ಬರೆದುಕೊಳ್ಳುವಷ್ಟು ಬಿಡುವು ಕೊಟ್ಟು. ಕೈಗವಸು, ಮೂಗು ಬಾಯಿಗೆ ಬಟ್ಟೆ, ಗಾಳಿ ಬೀಸುವ ದಿಕ್ಕು, ಇದನ್ನೂ ಅದೇ ಉಸಿರಿನಲ್ಲಿ ಸೇರಿಸಿ. ಮದ್ದು ಸುಳಿಯೊಳಗೆ ಬೀಳಬೇಕು, ಹುಳು ಕೂತಿರುವುದು ಅಲ್ಲಿ. ಔಷಧದ ಹೆಸರು ಸಾಕು, ಕಂಪನಿ ಹೆಸರು ಬೇಡ.

ಹತ್ತು ನಿಮಿಷಕ್ಕೆ ಒಂದೇ ವಿಷಯ. ಬೀಜೋಪಚಾರ, ಗೊಬ್ಬರ, ಸಾಲ ಎಲ್ಲ ತುಂಬಿದರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಹೊತ್ತನ್ನು ಸುಮ್ನೆ ನೀವೇ ಗೊತ್ತು ಮಾಡಬೇಡಿ. ನಮ್ಮಲ್ಲಿ ಸಂಜೆ ಆರಕ್ಕೆ ಗಂಡಸರು ಚಹಾ ಅಂಗಡಿಯಲ್ಲಿ ಕೇಳುತ್ತಿದ್ದರು. ಹೆಂಗಸರು ಆಗ ಹಾಲು ಕರೆಯುತ್ತಿದ್ದರು. ಕಳೆ ಕೀಳುವಾಗ ಹುಳು ಮೊದಲು ನೋಡುವವರು ಅವರೇ! ರೊಟ್ಟಿ ಬಡಿಯುವ ಏಳೂವರೆಗೆ ಮರುಪ್ರಸಾರ ಇಟ್ಟ ಮೇಲೆ ಅವರ ಫೋನ್ ಬರತೊಡಗಿದವು. ಮೊಬೈಲಿನಲ್ಲಿ ಎಫ್‌ಎಂ ಕೇಳುವವರಿಗೆ ವೈರಿನ ಇಯರ್‌ಫೋನ್ ಚುಚ್ಚಲು ಹೇಳಿ, ಆ ವೈರೇ ಆಂಟೆನಾ.

ಮರುಪ್ರಸಾರಕ್ಕೆ ಮೊದಲು ಆಕಾಶ ನೋಡಿ. ಮಳೆ ಬರುವ ಹಾಗಿದ್ದರೆ ಸಿಂಪಡಣೆಯ ಕಾರ್ಯಕ್ರಮ ಆ ದಿನ ಬೇಡ.