ಕೈಬರಹದ ಕನ್ನಡ ಫಾಂಟ್: ನನ್ನ ಅನುಭವ

ಮಡಿಕೇರಿಯಲ್ಲಿ ಮದುವೆಯ ಕರೆಯೋಲೆಗಳನ್ನೂ ಕಾಫಿಪುಡಿ, ಏಲಕ್ಕಿ, ಜೇನಿನ ಲೇಬಲ್‌ಗಳನ್ನೂ ವಿನ್ಯಾಸ ಮಾಡುವುದು ನನ್ನ ಕಸುಬು. ವಧೂವರರ ಹೆಸರನ್ನು ಇಂಗ್ಲಿಷಿನಲ್ಲಿ ಬಳ್ಳಿಯಂತೆ ಹಬ್ಬಿದ ಕೈಬರಹದ ಫಾಂಟಿನಲ್ಲಿ ಕೂರಿಸಿ, ಅದೇ ಹೆಸರನ್ನು ಕನ್ನಡದಲ್ಲಿ ಪಠ್ಯಪುಸ್ತಕದ ಅಕ್ಷರದಲ್ಲಿ ಹಾಕುವಾಗಲೆಲ್ಲ ಕಸಿವಿಸಿಯಾಗುತ್ತಿದ್ದುದರಿಂದ, ನನ್ನದೇ ಬರಹದಿಂದ ಒಂದು ಫಾಂಟ್ ಮಾಡಲು ಹೊರಟೆ.

ಸ್ನೆಲ್ ರೌಂಡ್‌ಹ್ಯಾಂಡ್ ಎಂಬ ಇಂಗ್ಲಿಷ್ ಕೈಬರಹದ ಫಾಂಟನ್ನು ಮಾದರಿಯಾಗಿ ಎದುರಿಗಿಟ್ಟುಕೊಂಡದ್ದೇ ಮೊದಲ ತಪ್ಪು. ಅಕ್ಷರ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ರೂಪಿಸಿದ ಆ ಫಾಂಟಿನ ಚೆಲುವೆಲ್ಲ, ಚೂಪು ನಿಬ್ಬನ್ನು ಒತ್ತಿದಾಗ ದಪ್ಪವಾಗಿ ಸಡಿಲಿಸಿದಾಗ ಎಳೆಯಾಗುವ ಗೆರೆಯಲ್ಲಿ ಮತ್ತು ಅಕ್ಷರದಿಂದ ಅಕ್ಷರಕ್ಕೆ ಹಾಯುವ ಕೊಂಡಿಯಲ್ಲಿದೆ. ನಮ್ಮ ಅಕ್ಷರಗಳೋ, ಓಲೆಗರಿಯ ಮೇಲೆ ಕಂಠದ (ಓಲೆಯಲ್ಲಿ ಬರೆಯುವ ಲೋಹದ ಕಡ್ಡಿಯ) ಮೊನೆಯಿಂದ ಹೆಚ್ಚುಕಡಿಮೆ ಒಂದೇ ದಪ್ಪಕ್ಕೆ ಕೊರೆಯಿಸಿಕೊಂಡು ಬಂದವು. ತಲೆಕಟ್ಟನ್ನು ಎಳೆದು ಮುಂದಿನ ಅಕ್ಷರಕ್ಕೆ ಗಂಟುಹಾಕಿದಾಗ ‘ಮಡಿಕೇರಿ’ಯನ್ನು ಓದಲು ಅಮ್ಮನೇ ತಡವರಿಸಿದರು. ಕೊಂಡಿಗಳನ್ನೆಲ್ಲ ಕಿತ್ತುಹಾಕಿ, ತಲೆಕಟ್ಟಿನ ಓರೆಯನ್ನೂ ಪದದ ಕೊನೆಯ ಬಾಲವನ್ನೂ ಮಾತ್ರ ಉಳಿಸಿಕೊಂಡೆ.

ಬರೆದದ್ದು ಜಡಿಮಳೆಯ ತಿಂಗಳುಗಳಲ್ಲಿ. ಕಾಗದ ತೇವ ಹೀರಿ ಶಾಯಿ ಹರಡುತ್ತಿದ್ದುದರಿಂದ ಹಾಳೆಗಳನ್ನು ಒಲೆಯ ಬಳಿ ಬೆಚ್ಚಗಿಟ್ಟು ಬರೆಯಬೇಕಾಯಿತು. ಅವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಗೆರೆ ತಿದ್ದಿ, ಫಾಂಟ್‌ಫೋರ್ಜ್ ಎಂಬ ಫಾಂಟ್ ತಯಾರಿಸುವ ತಂತ್ರಾಂಶದಲ್ಲಿ ಜೋಡಿಸಿದೆ.

34 ವ್ಯಂಜನಗಳು ಬೇಗ ಮುಗಿದವು. ತಿಂಗಳುಗಟ್ಟಲೆ ಹಿಡಿದದ್ದು ಒತ್ತಕ್ಷರ. ಮೂಲ ಅಕ್ಷರವನ್ನೇ ಕುಗ್ಗಿಸಿ ಕೆಳಗಿಟ್ಟರೆ ಅದರ ಗೆರೆಯೂ ಕುಗ್ಗಿ, ‘ಏಲಕ್ಕಿ’ಯ ಕೆಳಗಿನ ಕ ಬೇರೆ ಯಾರೋ ಪೆನ್ಸಿಲಿನಲ್ಲಿ ಸೇರಿಸಿದಂತೆ ಕಾಣುತ್ತಿತ್ತು. ಆದ್ದರಿಂದ ಪ್ರತಿಯೊಂದು ಒತ್ತನ್ನೂ ಅದೇ ನಿಬ್ಬಿನಿಂದ ಸಣ್ಣದಾಗಿ ಹೊಸದಾಗಿ ಬರೆದೆ. ‘ಶಾಸ್ತ್ರ’ದಂಥ ಪದದಲ್ಲಿ ಎರಡು ಒತ್ತುಗಳು ಸೇರಿ ಕೆಳಸಾಲಿನ ಗುಡಿಸಿಗೆ ತಾಗುವುದರಿಂದ, ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಾಗದಂತೆ ಇಂದಿಗೂ ನೋಡಿಕೊಳ್ಳುತ್ತೇನೆ. ‘ನನ್ನ’ ಎಂಬಲ್ಲಿ ಎರಡು ನ ಅಚ್ಚೊತ್ತಿದಂತೆ ಒಂದೇ ತೆರನಾಗಿ ಬಂದರೆ ಕೈಬರಹದ ಗುಟ್ಟು ರಟ್ಟಾಗುತ್ತದೆ. ಅದಕ್ಕಾಗಿ ಹೆಚ್ಚು ಬಳಕೆಯ ಅಕ್ಷರಗಳಿಗೆ ಎರಡೆರಡು ರೂಪ ಕೊಟ್ಟೆ.

ಮೊದಲ ಕರೆಯೋಲೆಗೆ ಚಿನ್ನದ ಫಾಯಿಲ್ ಅಚ್ಚು ಹಾಕಿಸಿದಾಗ ಮಹಾಪ್ರಾಣದ ಸಣ್ಣ ಸೀಳು ಮುಚ್ಚಿಹೋಗಿ ‘ಧಾರೆ’ ಎಂಬುದು ‘ದಾರೆ’ಯಾಯಿತು. ತಪ್ಪು ಅಚ್ಚಿನವರದಲ್ಲ, ಕೂದಲೆಳೆ ಗೆರೆಯ ಮೋಹದ ನನ್ನದು. ಸೀಳನ್ನು ಉದ್ದ ಮಾಡಿ, ಅತಿ ತೆಳುವಾದ ಗೆರೆಯನ್ನೂ ಕಾಲು ಮಿಲಿಮೀಟರಿಗೆ ಏರಿಸಿದೆ.

ಈಗ ಈ ಫಾಂಟನ್ನು ವಧೂವರರ ಹೆಸರಿಗೆ, ಲೇಬಲ್ಲಿನಲ್ಲಿ ತೋಟದ ಹೆಸರಿಗೆ ಮಾತ್ರ, 24 ಪಾಯಿಂಟಿಗಿಂತ ದೊಡ್ಡದಾಗಿ ಬಳಸುತ್ತೇನೆ. ಹಿರಿಯರು ಕನ್ನಡಕ ಹುಡುಕುವ ಮೊದಲೇ ಗುರುತಿಸಬೇಕಾದ ಒಕ್ಕದ (ಕೊಡವ ಮನೆತನದ) ಹೆಸರು, ಮುಹೂರ್ತ, ವಿಳಾಸಗಳಿಗೆ ಸಾದಾ ಅಕ್ಷರವೇ ಸರಿ. ವಟ್ರಸುಳಿಯೊಂದು ಇನ್ನೂ ಹಟ ಹಿಡಿದಿದೆ. ‘ಕೃ’ದ ಸುಳಿ ಪಕ್ಕದ ಒತ್ತಿಗೆ ಡಿಕ್ಕಿ ಹೊಡೆಯುತ್ತಿರುವುದರಿಂದ ಅದನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.