ರಾತ್ರಿ ಫೋನ್ ಯಾರ ಕೈಲಿದೆ?

ಹಾಸನ ಜಿಲ್ಲೆಯ ಒಂದು ಹೋಬಳಿಯ ಪಶು ಚಿಕಿತ್ಸಾಲಯದಲ್ಲಿ ನಾನು ವೈದ್ಯಾಧಿಕಾರಿ. ಇರುವ ಡಾಕ್ಟರು ನಾನೊಬ್ಬಳೇ. ಸುತ್ತ ರಾಗಿ, ತೆಂಗು, ಆಲೂಗಡ್ಡೆ. ಹೆಚ್ಚುಕಡಿಮೆ ಪ್ರತಿ ಮನೆಯ ಹಿಂದೆ ಒಂದೆರಡು ಎಚ್‌ಎಫ್ (ಹೆಚ್ಚು ಹಾಲಿನ ವಿದೇಶಿ ತಳಿ) ಹಸು, ಊರಿಗೊಂದು ಹಾಲಿನ ಡೇರಿ. ಹಗಲು ಆಸ್ಪತ್ರೆಗೆ ಹಿಡಿದು ತರುವ ದನಗಳು, ಕೃತಕ ಗರ್ಭಧಾರಣೆ, ಕಾಲುಬಾಯಿ ಲಸಿಕೆ, ತಿಂಗಳ ವರದಿ, ಇವೆಲ್ಲ ಹೇಗೋ ಸಾಗುತ್ತವೆ. ಹಸು ಈಯುವುದಕ್ಕೆ ಮಾತ್ರ ಹೊತ್ತುಗೊತ್ತು ಇಲ್ಲ. ಸಂಜೆ ಡೇರಿಗೆ ಹಾಲು ಹಾಕಿ, ಊಟ ಮುಗಿಸಿ, ಮಲಗುವ ಮುಂಚೆ ಕೊಟ್ಟಿಗೆಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿದಾಗಲೇ ಮನೆಯವರಿಗೆ ಏನೋ ಸರಿಯಿಲ್ಲ ಅನ್ನುವುದು ಗೊತ್ತಾಗುವುದು. ಹಾಗಾಗಿ ನಮ್ಮ ಫೋನು ಹೊಡೆದುಕೊಳ್ಳಲು ಶುರುವಾಗುವುದೇ ರಾತ್ರಿ ಒಂಬತ್ತೂವರೆಯ ಮೇಲೆ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಅಡ್ಡ ಬಿದ್ದ ಕರುವನ್ನು ತಿರುಗಿಸುವುದು ಹೇಳಿಕೊಟ್ಟರು, ಹೊಟ್ಟೆ ಉಬ್ಬರಕ್ಕೆ ಟ್ರೊಕಾರ್ (ಗಾಳಿ ಹೊರಬಿಡುವ ದಪ್ಪ ಸೂಜಿ) ಎಲ್ಲಿ ಚುಚ್ಚಬೇಕು ಅಂತ ಹೇಳಿಕೊಟ್ಟರು. ಫೋನ್ ಪಕ್ಕದಲ್ಲಿಟ್ಟುಕೊಂಡು ನಿದ್ದೆ ಮಾಡುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನನ್ನು ಹಣ್ಣು ಮಾಡಿದ್ದು ಅದೇ. ಕೊಟ್ಟಿಗೆ ಮುಟ್ಟಿದ ಮೇಲೆ ಕೈಗೆ ಕೆಲಸ ಗೊತ್ತು, ತಲೆ ತಣ್ಣಗಾಗುತ್ತದೆ. ಕಷ್ಟವೆಲ್ಲ ಅದಕ್ಕೆ ಮುಂಚಿನದು. ಒಂದೂ ಕರೆ ಬಾರದ ರಾತ್ರಿ ಕೂಡ ಪೂರ್ತಿ ನಿದ್ದೆ ಇಲ್ಲ. ಕಿವಿ ಮಾತ್ರ ಎದ್ದು ಕೂತಿರುತ್ತಿತ್ತು. ಬಚ್ಚಲಿಗೆ ಹೋಗುವಾಗ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯುತ್ತಿದ್ದೆ. ನೆಂಟರ ಮದುವೆಯಲ್ಲಿ ಬೇರೆ ಯಾರದ್ದೋ ಫೋನು ನನ್ನ ರಿಂಗ್‌ಟೋನಿನಲ್ಲೇ ಬಡಿದುಕೊಂಡರೆ ಎದೆ ಧಸಕ್ ಅನ್ನುತ್ತಿತ್ತು, ಎಲೆಯ ಮುಂದೆ ಕೂತಿದ್ದರೂ ತುತ್ತು ಇಳಿಯುತ್ತಿರಲಿಲ್ಲ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದು ಮಿತಿ ಮೀರಿತು. ವೈರಸ್ ಕಾಯಿಲೆ, ಅದಕ್ಕೆಂದೇ ಔಷಧ ಇಲ್ಲ. ಜ್ವರ ಇಳಿಸಬಹುದು, ಗಾಯ ಕೊಳೆಯದ ಹಾಗೆ ನೋಡಿಕೊಳ್ಳಬಹುದು, ಇನ್ನೂ ತಗುಲದ ದನಗಳಿಗೆ ಮೇಕೆ ಸಿಡುಬಿನ ಲಸಿಕೆ ಹಾಕಬಹುದು. ಇದನ್ನೇ ದಿನವಿಡೀ ಹೇಳಿ ರಾತ್ರಿಯೂ ಹೇಳಬೇಕು. ಹೋಗಿ ಮಾಡುವಂಥದ್ದು ಏನಿಲ್ಲ ಅಂತ ಗೊತ್ತಿದ್ದೂ ಹೋಗುತ್ತಿದ್ದೆ, ಯಾಕೆಂದರೆ 'ಬಂದು ಒಂದ್ಸಲ ನೋಡಿ ಡಾಕ್ಟ್ರಮ್ಮ' ಅನ್ನುವವರಿಗೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಆ ಮಳೆಗಾಲ ಕಳೆದ ಮೇಲೆ, ಹೀಗೇ ಮುಂದುವರಿದರೆ ಕೆಲಸ ಬಿಡುತ್ತೇನೆ ಇಲ್ಲವೇ ಕಾಯಿಲೆ ಬೀಳುತ್ತೇನೆ ಅನ್ನುವುದು ನನಗೂ ಮನೆಯವರಿಗೂ ಖಾತ್ರಿಯಾಯಿತು.

ಮೊದಲು ಮಾಡಿದ ಕೆಲಸ ಅಕ್ಕಪಕ್ಕದ ಇಬ್ಬರು ಡಾಕ್ಟರನ್ನು ಹಿಡಿದದ್ದು. ಅವರದೂ ನನ್ನದೇ ಪಾಡು. ಮೂವರೂ ದುಡ್ಡು ಹಾಕಿ ಒಂದು ಅಗ್ಗದ ಸ್ಮಾರ್ಟ್‌ಫೋನ್, ಒಂದು ಹೊಸ ಸಿಮ್ ತಂದೆವು. ರಾತ್ರಿ ಕರೆಗೆ ಅದೊಂದೇ ನಂಬರು. ವಾರಕ್ಕೊಬ್ಬರ ಕೈಲಿ ಅದು ಇರುತ್ತದೆ. ಸೋಮವಾರ ಬೆಳಿಗ್ಗೆ ನಮ್ಮ ಮೂರೂ ಊರಿನ ದಾರಿ ಸೇರುವ ಗೇಟಿನ ಹೋಟೆಲಿನಲ್ಲಿ ಕಾಫಿ ಕುಡಿದು ಫೋನ್ ದಾಟಿಸುತ್ತೇವೆ. ಇದು ಸರ್ಕಾರಿ ಆದೇಶವಲ್ಲ, ಮೇಲಿನವರಿಗೆ ತಿಳಿಸಿ ನಮ್ಮೊಳಗೆ ಮಾಡಿಕೊಂಡ ಹೊಂದಾಣಿಕೆ. ನಂಬರನ್ನು ಎಲ್ಲಿ ಬರೆಸುವುದು ಅನ್ನುವುದಕ್ಕೆ ಚರ್ಚೆಯಾಯಿತು. ಆಸ್ಪತ್ರೆ ಗೋಡೆಯ ಮೇಲೆ ಬರೆಸಿದರೆ ಓದುವವರು ಯಾರು? ದಿನಕ್ಕೆರಡು ಸಲ ಊರೆಲ್ಲ ಕ್ಯಾನ್ ಹಿಡಿದು ನಿಲ್ಲುವ ಜಾಗ ಡೇರಿ. ಅಲ್ಲಿನ ಕಾರ್ಯದರ್ಶಿಗಳನ್ನು ಕೇಳಿ, ಹಾಲಿನ ರೇಟಿನ ಬೋರ್ಡಿನ ಪಕ್ಕ ಬರೆಸಿದೆವು.

ಒಪ್ಪಿಕೊಂಡರೇ? ಅಷ್ಟು ಸುಲಭಕ್ಕೆ ಇಲ್ಲ. 'ನಮ್ಮ ಹಸ ನೋಡಿದೋರು ನೀವು, ಆ ಸಾರ್‌ಗೇನು ಗೊತ್ತು' ಅಂತ ನನ್ನ ನಂಬರಿಗೇ ಮಾಡುತ್ತಿದ್ದರು. ಸರದಿ ಇಲ್ಲದ ವಾರ ನನ್ನ ಫೋನನ್ನು ರಾತ್ರಿ ಸ್ವಿಚ್ ಆಫ್ ಮಾಡಲು ಶುರು ಮಾಡಿದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಏನಾದರೂ ಆದರೆ ಮಾಡಲಿ ಅಂತ ಗಂಡನ ಫೋನ್ ಮಾತ್ರ ಆನ್. ಜಗಳವಾಯಿತು, ಚಾಡಿ ಹೋಯಿತು, ಆಮೇಲೆ ಅಭ್ಯಾಸವಾಯಿತು. ನನ್ನ ಮೈಗೆ ಅಭ್ಯಾಸವಾಗುವುದು ಮಾತ್ರ ಇನ್ನೂ ತಡ. ಫೋನ್ ಬೇರೆಯವರ ಮನೆಯಲ್ಲಿದ್ದರೂ ನಡುರಾತ್ರಿ ಎರಡಕ್ಕೆ ಎಚ್ಚರ. ಎರಡು ಮೂರು ಸುತ್ತು ಸರದಿ ಕಳೆದ ಮೇಲೆಯೇ ಬಿಡುವಿನ ವಾರದಲ್ಲಿ ಬೆಳಗಿನವರೆಗೆ ನಿದ್ದೆ ಬಂದದ್ದು.

ಎರಡನೆಯದು, ಫೋನಿನಲ್ಲೇ ಕೇಳುವ ಪ್ರಶ್ನೆಗಳು. ಮೊದಲೆಲ್ಲ 'ಬಂದೆ' ಅಂದು ಬೂಟು ಹಾಕಿಕೊಳ್ಳುತ್ತಿದ್ದೆ. ಈಗ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಅದೇ ಕ್ರಮದಲ್ಲಿ ಕೇಳುತ್ತೇನೆ, ನಿದ್ದೆಗಣ್ಣಿನಲ್ಲಿ ತಲೆಯನ್ನು ನಂಬುವುದಿಲ್ಲ. ಹಸ ನಿಂತಿದೆಯೋ ಮಲಗಿದೆಯೋ? ಈದು ಎಷ್ಟು ಹೊತ್ತಾಯಿತು? ಕಿವಿ ಮುಟ್ಟಿ ನೋಡಿ, ತಣ್ಣಗಿದೆಯಾ? ಕತ್ತನ್ನು ಪಕ್ಕೆ ಕಡೆ ಮಡಚಿಕೊಂಡಿದೆಯಾ? ಎಡಗಡೆ ಹೊಟ್ಟೆ ಬೆನ್ನಿನ ಮಟ್ಟಕ್ಕೆ ಬಂದಿದೆಯಾ? ನೀರಿನ ಚೀಲ ಒಡೆದು ಎಷ್ಟು ಹೊತ್ತು, ಏನು ಕಾಣ್ತಾ ಇದೆ, ಎರಡು ಕಾಲಾ, ಮೂತಿಯೂ ಇದೆಯಾ? ಒಂದು ವಿಡಿಯೋ ಕಳಿಸಿ. ಈ ವಿಡಿಯೋ ಅನ್ನುವುದು ನಮ್ಮ ಕೆಲಸಕ್ಕೆ ಬಂದ ದೊಡ್ಡ ಉಪಕಾರ. ಅರ್ಧ ನಿಮಿಷದ ವಿಡಿಯೋ ನೋಡಿದರೆ ಬಟ್ಟೆ ಹಾಕಿಕೊಳ್ಳಬೇಕೋ ಬೇಡವೋ ಗೊತ್ತಾಗುತ್ತದೆ.

ರಾತ್ರಿ ಕರೆಗಳಲ್ಲಿ ಒಂದು ದೊಡ್ಡ ಪಾಲು 'ಕಸ ಬಿದ್ದಿಲ್ಲ' ಅನ್ನುವುದು. ಕಸ ಅಂದರೆ ಕರುವಿನ ಹಿಂದೆ ಬೀಳಬೇಕಾದ ಮಾಸು. ಹಸು ಈದು ಮೂರು ಗಂಟೆಯಾಗಿದೆ, ಕಸ ನೇತಾಡುತ್ತಿದೆ, ಮನೆಯವರಿಗೆ ದಿಗಿಲು. ಈದು ಹನ್ನೆರಡು ತಾಸು ಆಗುವವರೆಗೆ ಕಾಯಬಹುದು, ಆಮೇಲೂ ಕೈ ಹಾಕಿ ಕೀಳುವುದರಿಂದ ಗರ್ಭಕೋಶಕ್ಕೆ ಗಾಯವೇ ಹೆಚ್ಚು. 'ಕಲ್ಲು ಕಟ್ಟಬೇಡಿ, ಎಳೀಬೇಡಿ, ಮೇವು ತಿನ್ನುತ್ತಾ ಇದ್ದರೆ ಬೆಳಿಗ್ಗೆ ಎಂಟಕ್ಕೆ ನಾನೇ ಫೋನ್ ಮಾಡ್ತೀನಿ' ಅಂತ ಹೇಳುತ್ತೇನೆ. ಎಂಟಕ್ಕೆ ತಪ್ಪದೆ ಮಾಡುತ್ತೇನೆ. 'ನಾಳೆ ನೋಡೋಣ' ಅಂದರೆ ಯಾರೂ ನಂಬುವುದಿಲ್ಲ, ಗಂಟೆ ಹೇಳಿದರೆ ನಂಬುತ್ತಾರೆ, ಮತ್ತೆ ಹನ್ನೊಂದಕ್ಕೆ, ಹನ್ನೆರಡಕ್ಕೆ ಕರೆ ಬರುವುದಿಲ್ಲ.

ಎರಡು ಕರೆ ಒಟ್ಟಿಗೆ ಬಂದರೆ ಯಾವುದು ಮೊದಲು ಅನ್ನುವುದನ್ನೂ ಹಗಲು ಹೊತ್ತಿನಲ್ಲೇ ಮೂವರೂ ಕೂತು ತೀರ್ಮಾನ ಮಾಡಿಟ್ಟೆವು. ಹೊಟ್ಟೆ ಉಬ್ಬರ ಬಂದು ಉಸಿರಿಗೆ ಒದ್ದಾಡುವುದು ಎಲ್ಲಕ್ಕಿಂತ ಮೊದಲು. ಹೋಗುವಷ್ಟರಲ್ಲಿ ಮುಂಗಾಲು ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ, ಬಾಯಿಗೆ ಅಡ್ಡ ಕಡ್ಡಿ ಕಟ್ಟಲು ಹೇಳುತ್ತೇವೆ. ಆಮೇಲೆ ರಕ್ತ ಸುರಿಯುವುದು, ಗರ್ಭಕೋಶ ಹೊರಗೆ ಬಿದ್ದಿರುವುದು. ಅದನ್ನು ಒದ್ದೆ ಮಾಡಿದ ಶುಭ್ರ ಪಂಚೆಯಲ್ಲಿ ಎತ್ತಿ ಹಿಡಿದಿರಿ, ನಾಯಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ ಅನ್ನುತ್ತೇವೆ. ಹಾಲು ಜ್ವರಕ್ಕೆ (ಈದ ಹೊತ್ತಿನಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು) ಬಿದ್ದ ಹಸುವೂ ಕರು ಸಿಕ್ಕಿಕೊಂಡ ಹಸುವೂ ಎದುರಾದರೆ ಹಾಲು ಜ್ವರಕ್ಕೆ ಮೊದಲು, ಏಕೆಂದರೆ ಅದು ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ, ತಡವಾದರೆ ಹಸು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಈ ಕ್ರಮ ಪ್ರತಿ ಸಲವೂ ಸರಿ ಅಂತಲ್ಲ. ಆದರೆ ಕತ್ತಲಲ್ಲಿ ಗಾಡಿ ಓಡಿಸುತ್ತಾ 'ಅಲ್ಲಿಗೇ ಹೋಗಬೇಕಿತ್ತೇನೋ' ಅಂತ ತಲೆ ಕೆಡಿಸಿಕೊಳ್ಳುವುದು ನಿಂತಿತು.

ಚೀಲದ ವಿಚಾರ ಸಣ್ಣದು, ಆದರೂ ಹೇಳುತ್ತೇನೆ. ಕ್ಯಾಲ್ಸಿಯಂ ಬಾಟಲಿ, ಡ್ರಿಪ್ ಸೆಟ್, ಮರಗಟ್ಟಿಸುವ ಲಿಗ್ನೋಕೇನ್, ಟ್ರೊಕಾರ್, ಕರು ಎಳೆಯುವ ಸರಪಳಿ, ಉದ್ದ ಕೈಗವಸು, ತಲೆಗೆ ಕಟ್ಟುವ ಟಾರ್ಚ್, ಒಂದು ಜೊತೆ ಒಣ ಬಟ್ಟೆ. ಬಂದ ತಕ್ಷಣ ಖಾಲಿಯಾದದ್ದನ್ನು ತುಂಬಿಟ್ಟೇ ಮಲಗುವುದು. ಚೀಲ ತುಂಬಿಲ್ಲ ಅನ್ನುವ ನೆನಪೇ ನಿದ್ದೆ ಕೆಡಿಸಲು ಸಾಕು.

ಹಾಲು ಜ್ವರದ ಹಸುವಿನ ಮುಂದೆ ಕೂತಾಗ ನನಗೆ ಸಿಗುವ ಸಮಾಧಾನ ಬೇರೆಲ್ಲೂ ಸಿಕ್ಕಿಲ್ಲ. ಹೆಸರಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದ 450 ಎಂ.ಎಲ್. ಬಾಟಲಿಯನ್ನು ಮನೆಯ ಹುಡುಗನ ಕೈಗೆ ಕೊಟ್ಟು, ಕತ್ತಿನ ನರಕ್ಕೆ ಸೂಜಿ ಹಾಕಿ, ಇನ್ನೊಂದು ಕೈಯಲ್ಲಿ ಸ್ಟೆತಸ್ಕೋಪ್ ಎದೆಗೆ ಒತ್ತಿ ಕೂರುತ್ತೇನೆ. ಅವಸರ ಮಾಡುವಂತಿಲ್ಲ, ಕ್ಯಾಲ್ಸಿಯಂ ಬೇಗ ಹೋದರೆ ಹೃದಯ ನಿಂತುಬಿಡಬಹುದು. ಬಡಿತ ತಪ್ಪಿದರೆ 'ಬಾಟ್ಲಿ ಇಳಿಸು', ಸರಿಹೋದರೆ 'ಎತ್ತು'. ಆ ಹೊತ್ತಿನಲ್ಲಿ ಬೇರೆ ಯಾವ ಯೋಚನೆಗೂ ಜಾಗವಿಲ್ಲ. ಬಾಟಲಿ ಮುಗಿಯುತ್ತಾ ಬಂದಂತೆ ತೊಡೆಯ ಮಾಂಸ ಅದುರುತ್ತದೆ, ಒಣಗಿದ್ದ ಮೂತಿಯ ಮೇಲೆ ಬೆವರ ಹನಿ ಮೂಡುತ್ತದೆ, ಒಂದು ತೇಗು, ಆಮೇಲೆ ಸಗಣಿ. ಸಗಣಿ ಹಾಕಿದರೆ ಮನೆಯ ಅಜ್ಜಿ ಕೈ ಮುಗಿಯುತ್ತಾಳೆ. ಕೆಲವು ಅಲ್ಲೇ ಎದ್ದು ನಿಲ್ಲುತ್ತವೆ. ನಾನು ಚೀಲ ಮಡಚುವ ಮುಂಚೆ ಕಾಫಿ ಬಂದಿರುತ್ತದೆ.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುತ್ತಿರುವುದರಿಂದ ಇದನ್ನೂ ಬರೆಯಬೇಕು. ಗುರುತಿಲ್ಲದ ಮನೆಗೆ ರಾತ್ರಿ ಒಬ್ಬಳೇ ಹೋಗುವುದಿಲ್ಲ. ಡೇರಿ ಕಾರ್ಯದರ್ಶಿಗೆ ಫೋನ್ ಮಾಡಿ ಮನೆ ಯಾರದು ಅಂತ ಕೇಳುತ್ತೇನೆ, ಮನೆಯ ಹೆಂಗಸರೊಬ್ಬರ ಜೊತೆ ಮಾತಾಡಿಸಿ ಅನ್ನುತ್ತೇನೆ, ಊರ ಬಾಗಿಲಿಗೆ ಬಂದು ಕರೆದೊಯ್ಯಬೇಕು ಅನ್ನುತ್ತೇನೆ, ಗಂಡನಿಗೆ ಲೊಕೇಶನ್ ಕಳಿಸುತ್ತೇನೆ. ಇದಕ್ಕೆ ಮುನಿಸಿಕೊಂಡವರನ್ನು ಕಂಡಿಲ್ಲ. ಕುಡಿದು ಫೋನ್ ಮಾಡಿ ಕೂಗಾಡುವವರು ಇದ್ದಾರೆ, 'ಸರ್ಕಾರಿ ಸಂಬಳ ತಗೊಂಡು ಮಲಗಿದ್ದೀರಾ' ಅನ್ನುವವರು. 'ಮನೇಲಿ ಬೇರೆ ಯಾರಿದ್ದಾರೆ, ಅವರ ಕೈಗೆ ಕೊಡಿ' ಅನ್ನುವುದೊಂದೇ ನನ್ನ ಉತ್ತರ. ಹೆಂಡತಿಯೋ ಮಗನೋ ತೆಗೆದುಕೊಂಡರೆ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ.

ದನ ಸತ್ತ ರಾತ್ರಿಗಳಿಗೆ ಇಂಥ ಉಪಾಯವಿಲ್ಲ. ಎಂಬತ್ತು ಸಾವಿರ ಕೊಟ್ಟು ತಂದ ಹಸು, ಸಂಘದ ಸಾಲ ಇನ್ನೂ ಇದೆ, ಕಣ್ಣೆದುರೇ ಹೋಯಿತು. ಅಲ್ಲಿಂದ ಬೇಗ ಜಾಗ ಖಾಲಿ ಮಾಡಬೇಕು ಅನ್ನಿಸುತ್ತದೆ, ಆದರೆ ಹತ್ತು ನಿಮಿಷ ಕೂತು ಏನಾಯಿತು, ಯಾಕಾಯಿತು ಅಂತ ಬಿಡಿಸಿ ಹೇಳಿ ಬಂದರೆ ಅವರಿಗೂ ನನಗೂ ಒಳ್ಳೆಯದು ಅಂತ ಕಂಡುಕೊಂಡಿದ್ದೇನೆ. ವಿಮೆ ಇದ್ದರೆ ದನದ ಕಿವಿಯ ನಂಬರಿನ ಓಲೆ ತೆಗೆಯಬೇಡಿ, ಪೋಸ್ಟ್‌ಮಾರ್ಟಂಗೆ ಬೆಳಿಗ್ಗೆ ಬರುತ್ತೇನೆ, ಅಲ್ಲಿವರೆಗೆ ಹೂಳಬೇಡಿ ಅಂತ ಹೇಳುತ್ತೇನೆ. ಮನೆಗೆ ಬಂದು ಕೇಸ್ ಪುಸ್ತಕದಲ್ಲಿ ಎಲ್ಲ ಬರೆಯುತ್ತೇನೆ: ಹೋದ ಹೊತ್ತು, ಕಂಡದ್ದು, ಕೊಟ್ಟದ್ದು. ಬರೆದ ಮೇಲೆ ಮಲಗಿಕೊಂಡು ಅದನ್ನೇ ಮೊದಲಿಂದ ಕೊನೆವರೆಗೆ ಓಡಿಸುವುದು ಕಡಿಮೆಯಾಗಿದೆ. ನಿಂತಿದೆ ಅಂತ ಹೇಳಲಾರೆ.

ಇನ್ನೊಂದು ಭಯ ನಮ್ಮ ಮೈಯದು. 'ಗಂಟಲಲ್ಲಿ ಏನೋ ಸಿಕ್ಕೈತೆ, ಜೊಲ್ಲು ಸುರಿಸ್ತೈತೆ' ಅಂತ ಕರೆಯುತ್ತಾರೆ; ಹೋಗಿ ನೋಡಿದರೆ ಹುಚ್ಚುನಾಯಿ ಕಚ್ಚಿದ ಹಸು, ದನಿ ಒಡೆದು ಕೂಗುತ್ತಿರುತ್ತದೆ, ಮನೆಯವರೆಲ್ಲ ಆಗಲೇ ಬಾಯಿಗೆ ಕೈ ಹಾಕಿ ನೋಡಿಯಾಗಿರುತ್ತದೆ. ರೇಬೀಸ್‌ಗೆ ಮುಂಚಿತ ಲಸಿಕೆ ಪೂರ್ತಿ ಮಾಡಿಸಿಕೊಂಡಿದ್ದರೆ ನಮಗೆ ಆ ದಿನ ಒಂದು, ಮೂರನೇ ದಿನ ಒಂದು ಡೋಸ್ ಸಾಕು. ಮನೆಯವರನ್ನು ಮಾತ್ರ ಬೆಳಕು ಹರಿಯುವುದನ್ನೂ ಕಾಯದೆ ಆಸ್ಪತ್ರೆಗೆ ಕಳಿಸಬೇಕು. ಕೆಲಸಕ್ಕೆ ಸೇರುವ ಹೊಸಬರಿಗೆ ನಾನು ಮೊದಲು ಕೇಳುವುದೇ ಈ ಲಸಿಕೆ ಆಯಿತಾ ಅಂತ.

ವಾಪಸ್ ಬರುವ ದಾರಿ ಹೋಗುವ ದಾರಿಗಿಂತ ಅಪಾಯ. ಹೋಗುವಾಗ ಮೈಯೆಲ್ಲ ಎಚ್ಚರ, ಬರುವಾಗ ಕಣ್ಣು ಎಳೆಯುತ್ತದೆ. ಹಾಗನ್ನಿಸಿದರೆ ಅದೇ ಮನೆಯ ಜಗುಲಿಯಲ್ಲಿ ಇಪ್ಪತ್ತು ನಿಮಿಷ ಒರಗಿ ಆಮೇಲೆ ಹೊರಡುತ್ತೇನೆ. ಮನೆ ಸೇರಿದರೆ ಬಿಸಿನೀರು ಸ್ನಾನ, ಫೋನ್ ಪರದೆ ನೋಡುವುದಿಲ್ಲ. ಸರದಿಯ ವಾರ ಸಂಜೆ ನಾಲ್ಕರ ಮೇಲೆ ಮನೆಯಲ್ಲಿ ಕಾಫಿ ಇಲ್ಲ. ರೈತರ ಮನೆಯ ಕಾಫಿ ಲೆಕ್ಕಕ್ಕಿಲ್ಲ, ಬೇಡ ಅಂದರೆ ನೊಂದುಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಂದು ಸಲ ಎದೆಯ ಭಾರ ಇಳಿಯಲೇ ಇಲ್ಲ. ಬೆಳಿಗ್ಗೆ ಏಳಲು ಮನಸ್ಸಿಲ್ಲ, ಮಕ್ಕಳ ಮಾತು ಕಿವಿಗೆ ಬೀಳುತ್ತಿಲ್ಲ. 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ, ಅದಕ್ಕೆ ಬೆನ್ನೆಲುಬು ನಮ್ಮ ನಿಮ್ಹಾನ್ಸ್. ದುಡ್ಡಿಲ್ಲ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಚೆ ಕಡೆಯಿದ್ದ ಹೆಣ್ಣುಮಗಳಿಗೆ ಹಾಲು ಜ್ವರ ಅಂದರೇನು ಅಂತ ವಿವರಿಸಬೇಕಾಯಿತು, ಅದರಲ್ಲೇ ನನಗೆ ಅರ್ಧ ನಗು ಬಂತು. ಆಮೇಲೆ ಅವರು ಹೇಳಿದಂತೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡೆ. ನಮ್ಮ ಬ್ಯಾಚಿನ ಗ್ರೂಪಿನಲ್ಲಿ ವರ್ಗಾವಣೆ, ಬಡ್ತಿ, ಸೈಟಿನ ರೇಟು ಎಲ್ಲ ಚರ್ಚೆಯಾಗುತ್ತದೆ, ಇದು ಮಾತ್ರ ಆಗುತ್ತಿರಲಿಲ್ಲ. ನಾನು ಬರೆದ ಮೇಲೆ ಕೆಲವರು ಗ್ರೂಪಿನಲ್ಲಿ ಸುಮ್ಮನಿದ್ದು, ಬೇರೆಯಾಗಿ ಫೋನ್ ಮಾಡಿ ನಂಬರ್ ಕೇಳಿದರು.

ಈಗ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ, ಹಾಲು ಒಕ್ಕೂಟದ ಡಾಕ್ಟರೂ ಇದ್ದಾರೆ, ಹಗಲಿನ ಹೊರೆ ಎಷ್ಟೋ ಇಳಿದಿದೆ. ನಮ್ಮ ಭಾಗದಲ್ಲಿ ರಾತ್ರಿ ಅಂದರೆ ಇವತ್ತಿಗೂ ಆ ಅಗ್ಗದ ಫೋನೇ. ಮೂವರಲ್ಲಿ ಒಬ್ಬರಿಗೆ ವರ್ಗವಾದರೆ ಸರದಿ ಮುರಿಯುತ್ತದೆ, ಇಬ್ಬರೇ ಉಳಿದಾಗ ವಾರ ಬಿಟ್ಟು ವಾರ ಬರುತ್ತದೆ, ಅದು ತುಂಬ ದಿನ ನಡೆಯುವ ಮಾತಲ್ಲ. ಈ ಸಲ ಹಾಗಾಗಿದೆ. ಬರುವ ಹೊಸ ಡಾಕ್ಟರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಪ್ರಶ್ನೆಗಳ ಹಾಳೆಯ ಜೆರಾಕ್ಸ್ ತೆಗೆಸಿಟ್ಟಿದ್ದೇನೆ, ಸೋಮವಾರ ಕಾಫಿಗೆ ಕರೆದು ಕೇಳಬೇಕು.